ಧೂಮಪಾನತ್ಯಾಗ: ನಿಕೊಟಿನ್ ಪರ್ಯಾಯವೂ ಸ್ವಪ್ರಯತ್ನವೂ

೧. ಪೀಠಿಕೆ

‘ಧೂಮಪಾನ’ ಎಂಬ ಮಾತು ನಮ್ಮ ದೇಶಕ್ಕೆ ಹೊಗೆಸೊಪ್ಪು ಬರುವುದಕ್ಕಿಂತ ಬಹಳ ಹಿಂದಿನದು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಪ್ರಾಯೋಗಿಕ, ಸ್ನೈಹಿಕ, ವೈರೇಚನಿಕ ಎಂಬ ಮೂರು ಬಗೆಯ ಧೂಮಪಾನಗಳು ಹೇಳಲ್ಪಟ್ಟಿವೆ. ಅಲ್ಲಿ ಅದು ಮೂಲಿಕೆಗಳಿಂದ ಬತ್ತಿಯನ್ನು ಮಾಡಿ, ಕಾಲನಿಯಮವನ್ನು ಅನುಸರಿಸಿ ಸೇವಿಸತಕ್ಕ ಒಂದು ಚಿಕಿತ್ಸಾಕ್ರಮ. ಅಕಾಲದಲ್ಲಿಯೂ ಅತಿಯಾಗಿಯೂ ಸೇವಿಸಿದರೆ ಉಂಟಾಗುವ ಕೇಡುಗಳನ್ನು ಗ್ರಂಥಕಾರನು ಅಲ್ಲಿಯೇ ಎಣಿಸಿ ಹೇಳಿದ್ದಾನೆ. ಈ ಹಳೆಯ ಹೆಸರನ್ನು ನಾವು ಬೇರೊಂದು ಪದಾರ್ಥಕ್ಕೆ ಇಟ್ಟುಕೊಂಡಿದ್ದೇವೆ. ನಿಯಮವು ಹೋಯಿತು, ಹೆಸರು ಉಳಿಯಿತು.

ಹೊಗೆಸೊಪ್ಪು ಅಮೆರಿಕಾ ಖಂಡದ ಗಿಡ. ಪೋರ್ಚುಗೀಸರ ಮೂಲಕ ಅದು ಇಂಡಿಯಾ ದೇಶದ ಪಶ್ಚಿಮತೀರವನ್ನು ಮುಟ್ಟಿ, ಅಲ್ಲಿಂದ ಒಳನಾಡಿಗೆ ಹಬ್ಬಿತು. ಈ ಚರಿತ್ರೆಯಲ್ಲಿ ಕನ್ನಡ ನಾಡಿಗೆ ಒಂದು ಸ್ಥಾನವುಂಟು. ಅಕ್ಬರನ ಆಸ್ಥಾನದ ಅಸದ್ ಬೇಗನು ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದಾಗ ಅಲ್ಲಿ ಹೊಗೆಸೊಪ್ಪನ್ನು ಕಂಡು ಬೆರಗಾಗಿ, ಸುಮಾರು ೧೬೦೪–೦೫ರಲ್ಲಿ ಅದನ್ನೂ ಸೇದುವ ನಳಿಕೆಯನ್ನೂ ಉತ್ತರಕ್ಕೆ ಕೊಂಡೊಯ್ದು ಚಕ್ರವರ್ತಿಗೆ ಒಪ್ಪಿಸಿದನು. ಪರೀಕ್ಷಿಸಿ ನೋಡದ ಈ ಹೊಸ ಪದಾರ್ಥವನ್ನು ಸೇವಿಸಬಾರದೆಂದು ಆಸ್ಥಾನವೈದ್ಯನು ತಡೆದನೆಂದೂ, ಲೋಕದ ಪದ್ಧತಿಗಳೆಲ್ಲವೂ ಒಂದು ಕಾಲದಲ್ಲಿ ಹೊಸವೇ ಆಗಿದ್ದುವೆಂದು ತಾನು ವಾದಿಸಿದೆನೆಂದೂ ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಆ ವಾದದಲ್ಲಿ ಗೆದ್ದವನು ರಾಯಭಾರಿ. ನಿಜವನ್ನು ಹೇಳಿದವನು ವೈದ್ಯ.

ಈಗ ಆ ವೈದ್ಯನ ಮಾತಿಗೆ ಸಾಕ್ಷ್ಯವು ಬೇಕಾದಷ್ಟಿದೆ. ಆದುದರಿಂದ ಧೂಮಪಾನವು ಕೆಟ್ಟದ್ದೇ ಅಲ್ಲವೇ ಎಂಬುದು ಈ ಲೇಖನದ ವಿಷಯವಲ್ಲ. ಕೆಟ್ಟದ್ದೆಂದು ಬಲ್ಲವರೂ, ಬಿಡಬೇಕೆಂದು ಮನಸಾರೆ ಬಯಸುವವರೂ, ಏಕೆ ಬಿಡಲಾರದೆ ಹೋಗುತ್ತಾರೆ? ಅವರಿಗೆ ಯಾವ ಸಹಾಯವು ನಿಜವಾಗಿ ಒದಗುತ್ತದೆ? ಇವೆರಡೇ ಇಲ್ಲಿ ವಿಚಾರಣೀಯ. ಬಿಡಲಾರದವನನ್ನು ದುರ್ಬಲಮನಸ್ಕನೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಅವನೂ ಕ್ರಮೇಣ ಹಾಗೆಯೇ ನಂಬುತ್ತಾನೆ. ಈ ನಂಬಿಕೆಯು ತಪ್ಪೆಂದೂ, ಆ ತಪ್ಪೇ ಅವನು ಸಹಾಯವನ್ನು ಕೇಳದಂತೆ ಮಾಡುತ್ತದೆಂದೂ ತೋರಿಸುವುದು ನಮ್ಮ ಉದ್ದೇಶ.

೨. ಬಂಧನದ ಸ್ವರೂಪ

‘ನಾನು ಬಿಟ್ಟೆ, ಆದರೆ ಅದು ನನ್ನನ್ನು ಬಿಡಲಿಲ್ಲ’ ಎಂದು ಸೇದುವವರು ನಗುತ್ತ ಹೇಳುವುದುಂಟು. ನಗೆಮಾತಾದರೂ ಇದರಲ್ಲಿ ಶಾಸ್ತ್ರಸಮ್ಮತವಾದ ಅರ್ಥವಿದೆ. ಬಂಧನವು ಎರಡು ಕಡೆಯಿಂದ ಬಿಗಿದಿರುತ್ತದೆ: ಒಂದು ದೇಹದ ಕಡೆಯಿಂದ, ಇನ್ನೊಂದು ನಡವಳಿಕೆಯ ಕಡೆಯಿಂದ.

ದೇಹದ ಕಡೆಯ ಬಂಧನಕ್ಕೆ ಕಾರಣವಾದುದು ನಿಕೊಟಿನ್ ಎಂಬ ಕ್ಷಾರಾಭ. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದು, ಆ ಗಿಡವನ್ನು ತನ್ನ ದೇಶದ ಅರಮನೆಗೆ ಕಳುಹಿಸಿದ ಜಾನ್ ನಿಕೋ ಎಂಬಾತನ ಹೆಸರು ಇದಕ್ಕೆ ಬಂದಿದೆ. ೧೮೨೮ರಲ್ಲಿ ಹೈಡೆಲ್‌ಬರ್ಗ್ ನಗರದ ಪೊಸೆಲ್ಟ್ ಮತ್ತು ರೈಮನ್ ಎಂಬವರು ಇದನ್ನು ಎಲೆಯಿಂದ ಬೇರ್ಪಡಿಸಿದರು. ೧೯೦೫ರ ಸುಮಾರಿನಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ಮಹಾಶಯನು ನಿಕೊಟಿನನ್ನೇ ಉಪಕರಣವನ್ನಾಗಿ ಮಾಡಿಕೊಂಡು, ಜೀವಕೋಶಗಳಲ್ಲಿ ಇಂಥ ದ್ರವ್ಯಗಳನ್ನು ಹಿಡಿದುಕೊಳ್ಳುವ ಗ್ರಾಹಕವಸ್ತುವು ಇರಬೇಕೆಂದು ಊಹಿಸಿದನು. ಈ ಊಹೆಯು ಮುಂದೆ ಸಿದ್ಧಾಂತವಾಯಿತು.

ಸೇದಿದ ಹೊಗೆಯೊಳಗಿನ ನಿಕೊಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ, ಹತ್ತು–ಇಪ್ಪತ್ತು ಸೆಕೆಂಡುಗಳೊಳಗೆ ಮೆದುಳನ್ನು ಮುಟ್ಟುತ್ತದೆ. ಅಲ್ಲಿನ ಗ್ರಾಹಕಗಳನ್ನು ಹಿಡಿದು, ಡೋಪಮೀನ್ ಎಂಬ ದ್ರವ್ಯವು ಸ್ರವಿಸುವಂತೆ ಮಾಡಿ, ಕ್ಷಣಕಾಲದ ತೃಪ್ತಿಯನ್ನು ಕೊಡುತ್ತದೆ. ದಿನದಿನವೂ ಹೀಗಾಗುತ್ತಿದ್ದರೆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಅವು ಬರಿದಾಗಿದ್ದಷ್ಟು ಹೊತ್ತೂ ದೇಹವು ಕೊರತೆಯನ್ನು ಅನುಭವಿಸುತ್ತದೆ. ರಕ್ತದಲ್ಲಿನ ನಿಕೊಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ, ರಾತ್ರಿಯ ನಿದ್ದೆ ಮುಗಿಯುವ ವೇಳೆಗೆ ಅದು ಬಹುಮಟ್ಟಿಗೆ ತೀರಿಹೋಗಿರುತ್ತದೆ. ಬೆಳಗಿನ ಮೊದಲ ಸಿಗರೇಟು ಅಷ್ಟು ರುಚಿಸುವುದು ಇದರಿಂದಲೇ. ಅದು ಸುಖವೆಂದು ತೋರಿದರೂ ಬಹುಪಾಲು ದುಃಖನಿವೃತ್ತಿ ಮಾತ್ರವೇ ಸರಿ.

ಒಮ್ಮೆಗೇ ಬಿಟ್ಟವನಲ್ಲಿ ಕೆಲವು ಗಂಟೆಗಳೊಳಗಾಗಿ ಸಿಡುಕು, ಕಳವಳ, ಬೇಸರ, ಏಕಾಗ್ರತೆಯ ಅಭಾವ, ನಿದ್ರಾಭಂಗ, ಹಸಿವಿನ ಹೆಚ್ಚಳ ಇವು ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ಮೂರು ದಿನಗಳಲ್ಲಿ ಇವು ತೀವ್ರವಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಮುಖವಾಗುತ್ತವೆ. ಇವು ದೇಹಧರ್ಮದಿಂದ ಹುಟ್ಟಿದ ಲಕ್ಷಣಗಳೇ ಹೊರತು ಗುಣದೋಷವಲ್ಲ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯು ಇಲ್ಲಿಗೆ ಅನ್ವಯಿಸದು; ಏಕೆಂದರೆ ಇದು ಹುಟ್ಟುಗುಣವಲ್ಲ, ದೇಹವು ಕಲಿತ ಪಾಠ. ಕಲಿತದ್ದನ್ನು ಮರೆಯಿಸಬಹುದು.

೩. ಪರ್ಯಾಯದ ಕಲ್ಪನೆಯು ಹುಟ್ಟಿದ ಬಗೆ

ಜನರು ಸೇದುವುದು ಹೊಗೆಗಾಗಿಯೋ ನಿಕೊಟಿನ್ನಿಗಾಗಿಯೋ ಎಂಬ ಪ್ರಶ್ನೆಯನ್ನು ಸ್ವತಃ ತನ್ನ ಮೇಲೆ ಪ್ರಯೋಗಿಸಿಕೊಂಡು ಪರೀಕ್ಷಿಸಿದವನು ಲೆನಾಕ್ಸ್ ಜಾನ್‌ಸ್ಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಈತನು ತಾನೂ ಇತರ ಕೆಲವರೂ ನಿಕೊಟಿನನ್ನು ಸೂಜಿಯ ಮೂಲಕ ತೆಗೆದುಕೊಂಡು ನೋಡಿ, ಅದರಿಂದ ಸೇದುವ ಬಯಕೆಯು ಅಡಗಿತೆಂದು ೧೯೪೨ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಆಗ ಇದಕ್ಕೆ ಮನ್ನಣೆ ದೊರೆಯಲಿಲ್ಲ.

೧೯೭೦ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಗೆ ಸೇರಿದ ಮೈಕೇಲ್ ರಸೆಲ್ ಎಂಬ ಮನೋವೈದ್ಯನು ಈ ವಿಚಾರವನ್ನು ಮುಂದಕ್ಕೆ ಕೊಂಡೊಯ್ದನು. ಸೇದುವವನು ತನಗೆ ರೂಢಿಯಾದ ನಿಕೊಟಿನ್ ಪ್ರಮಾಣವನ್ನು ತಾನರಿಯದೆಯೇ ಕಾಪಾಡಿಕೊಳ್ಳುತ್ತಾನೆ. ಲಘುವಾದ ಸಿಗರೇಟನ್ನು ಕೊಟ್ಟರೆ ಇನ್ನೂ ಆಳವಾಗಿ ಎಳೆಯುತ್ತಾನೆ. ನಮ್ಮ ಭಾಷೆಯ ‘ಸೇದು’ ಎಂಬ ಧಾತುವು ಇದನ್ನು ಚೆನ್ನಾಗಿ ಸೂಚಿಸುತ್ತದೆ. ಬಾವಿಯ ನೀರು ಎಷ್ಟು ಕೆಳಗಿಳಿಯಿತೋ ಅಷ್ಟು ಹಗ್ಗವನ್ನು ಬಿಟ್ಟು ಸೇದುವಂತೆಯೇ ಹೊಗೆಯನ್ನೂ ಸೇದುತ್ತಾರೆ. ಬೇಕಾದ ಕೊಡ ತುಂಬುವವರೆಗೆ ನಿಲ್ಲುವುದಿಲ್ಲ. ಮನುಷ್ಯನನ್ನು ಕಟ್ಟಿಹಾಕುವುದು ನಿಕೊಟಿನ್; ಕೊಲ್ಲುವುದು ಮುಖ್ಯವಾಗಿ ಸುಡುವ ಎಲೆಯಿಂದ ಹುಟ್ಟುವ ಜಿಡ್ಡು, ಇಂಗಾಲದ ಮಾನಾಕ್ಸೈಡ್ ಮೊದಲಾದುವು. ರಸೆಲ್ಲನ ವಿಚಾರದ ತಿರುಳು ಇದು. ಹೊಗೆಯಲ್ಲಿ ಸಾವಿರಾರು ರಾಸಾಯನಿಕ ದ್ರವ್ಯಗಳಿದ್ದು, ಅವುಗಳಲ್ಲಿ ಸುಮಾರು ಎಪ್ಪತ್ತು ಕ್ಯಾನ್ಸರನ್ನು ಉಂಟುಮಾಡತಕ್ಕವೆಂದು ಗೊತ್ತಾಗಿದೆ. ಕಟ್ಟುವುದನ್ನು ಕೊಲ್ಲುವುದರಿಂದ ಬೇರ್ಪಡಿಸಿದರೆ ಬಿಡುವ ದಾರಿಯು ಸುಗಮವಾಗಬೇಡವೆ?

ಈ ತರ್ಕವು ಸ್ವೀಡನ್ನಿನಲ್ಲಿ ಕಾರ್ಯರೂಪಕ್ಕೆ ಬಂದಿತು. ೧೯೬೭ರಲ್ಲಿ ಲುಂಡ್ ವಿಶ್ವವಿದ್ಯಾನಿಲಯದ ಶರೀರಶಾಸ್ತ್ರಜ್ಞ ಕ್ಲಾಸ್ ಲುಂಡ್‌ಗ್ರೆನ್ ಎಂಬವನು, ಹೆಲ್ಸಿಂಗ್‌ಬೋರ್ಗ್ ನಗರದ ಔಷಧಸಂಸ್ಥೆಯೊಂದರಲ್ಲಿದ್ದ ಓವೆ ಫೆರ್ನೊ ಎಂಬ ರಸಾಯನಶಾಸ್ತ್ರಜ್ಞನಿಗೆ ಒಂದು ಸಂಗತಿಯನ್ನು ಬರೆದು ತಿಳಿಸಿದನು. ಸೇದಲು ಅವಕಾಶವಿಲ್ಲದ ಜಲಾಂತರ್ಗಾಮಿ ನೌಕೆಗಳಲ್ಲಿ ನಾವಿಕರು ಬಾಯಲ್ಲಿ ಹೊಗೆಸೊಪ್ಪನ್ನಿಟ್ಟುಕೊಂಡು ಕಾಲ ಕಳೆಯುತ್ತಿದ್ದರು; ಅವರಿಗೆ ಸಿಗರೇಟಿನ ಅಭಾವವು ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಹೊಗೆಸೊಪ್ಪಿಲ್ಲದೆ ಬರಿಯ ನಿಕೊಟಿನನ್ನು ಬಾಯಿಯ ಒಳಪೊರೆಯ ಮೂಲಕ ಕೊಡಬಾರದೇಕೆ ಎಂಬ ಆಲೋಚನೆಯಿಂದ ನಿಕೊಟಿನ್ ಗಮ್ ಹುಟ್ಟಿತು. ಇದಕ್ಕೆ ಸ್ವಿಟ್ಜರ್ಲೆಂಡು ೧೯೭೮ರಲ್ಲಿಯೂ ಅಮೆರಿಕಾ ಸಂಯುಕ್ತ ಸಂಸ್ಥಾನವು ೧೯೮೪ರಲ್ಲಿಯೂ ಮಾನ್ಯತೆಯನ್ನು ಕೊಟ್ಟವು.

ಚರ್ಮಕ್ಕೆ ಅಂಟಿಸುವ ಪಟ್ಟಿಯ ಮೂಲವು ಇನ್ನೂ ಸ್ವಾರಸ್ಯವಾದುದು. ಮಂಜಿನಿಂದಲೋ ಮಳೆಯಿಂದಲೋ ನೆಂದ ಹಸಿ ಹೊಗೆಸೊಪ್ಪನ್ನು ಕೊಯ್ಯುವ ಕೂಲಿಗಳಿಗೆ ತಲೆಸುತ್ತು, ವಾಂತಿ ಬರುವುದು ಕೃಷಿಕರಿಗೆ ಗೊತ್ತಿದ್ದ ವಿಷಯ. ಎಲೆಯ ನಿಕೊಟಿನ್ ತೊಗಲಿನ ಮೂಲಕವೇ ಮೈಸೇರುವುದೇ ಇದಕ್ಕೆ ಕಾರಣ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳನ್ನು ನೋಡಿದ ವಾಚಕರಿಗೆ ಆ ಎಲೆಯ ಅಂಟು ಪರಿಚಿತವಾಗಿರಬಹುದು. ಕ್ಯಾಲಿಫೋರ್ನಿಯಾದ ಮರೆ ಜಾರ್ವಿಕ್, ಜೆಡ್ ರೋಸ್ ಮೊದಲಾದವರು ಈ ಕೇಡಿನಿಂದಲೇ ಉಪಾಯವನ್ನು ಕಂಡು, ೧೯೮೦ರ ದಶಕದಲ್ಲಿ ಪಟ್ಟಿಯ ಪ್ರಯೋಗಗಳನ್ನು ನಡೆಸಿದರು. ೧೯೯೦ರ ದಶಕದ ಮೊದಲಲ್ಲಿ ಅದು ಬಳಕೆಗೆ ಬಂದಿತು. ಚೀಪುವ ಗುಳಿಗೆ, ಮೂಗಿಗೆ ಸಿಂಪಡಿಸುವ ದ್ರವ ಇವು ಇದೇ ವರ್ಗಕ್ಕೆ ಸೇರಿದುವು. ೨೦೦೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಿಕೊಟಿನ್ ಪರ್ಯಾಯವನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು.

೪. ಪ್ರಯೋಗವಿಧಾನ

ಗಮ್ಮನ್ನು ತೆಗೆದುಕೊಂಡೂ ಪ್ರಯೋಜನವಾಗಲಿಲ್ಲವೆನ್ನುವವರಲ್ಲಿ ಅನೇಕರು ಅದನ್ನು ಉಪಯೋಗಿಸುವ ಕ್ರಮವನ್ನು ಅರಿಯದವರು. ಮಿಠಾಯಿಯಂತೆ ಎಡೆಬಿಡದೆ ಜಗಿದರೆ ನಿಕೊಟಿನ್ ಉಗುಳಿನೊಡನೆ ಹೊಟ್ಟೆಗೆ ಇಳಿಯುತ್ತದೆ. ಹೊಟ್ಟೆಯಿಂದ ಹೀರಲ್ಪಟ್ಟುದನ್ನು ಯಕೃತ್ತು ಬಹುಪಾಲು ನಾಶಮಾಡಿಬಿಡುತ್ತದೆ. ಉಳಿಯುವುದು ಬಿಕ್ಕಳಿಕೆ ಮತ್ತು ಹೊಟ್ಟೆಯುರಿ. ಸರಿಯಾದ ಕ್ರಮವಾವುದೆಂದರೆ: ಮೆಲ್ಲನೆ ಕೆಲವು ಸಲ ಜಗಿದು, ಮೆಣಸಿನಂಥ ಖಾರವೋ ಚುರುಚುರು ಎನ್ನುವಿಕೆಯೋ ತೋರಿದ ಕೂಡಲೆ ನಿಲ್ಲಿಸಿ, ಅದನ್ನು ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಬೇಕು, ಖಾರವು ಅಡಗಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಸುಮಾರು ಅರ್ಧ ಗಂಟೆ. ಎಲೆಯಡಕೆಯನ್ನು ದವಡೆಯಲ್ಲಿ ಒತ್ತರಿಸಿಟ್ಟುಕೊಳ್ಳುವ ಅಭ್ಯಾಸವನ್ನು ಕಂಡ ನಮ್ಮ ಜನರಿಗೆ ಈ ಕ್ರಮವು ಕಷ್ಟವಾಗಲಾರದು.

ಎಷ್ಟು ಬಲದ ಗಮ್ ಬೇಕೆಂಬುದನ್ನು ನಿಶ್ಚಯಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಫಾಗರ್‌ಸ್ಟ್ರೋಮ್ ೧೯೭೮ರಲ್ಲಿ ರಚಿಸಿ, ೧೯೯೧ರಲ್ಲಿ ಪರಿಷ್ಕೃತವಾದ ಪ್ರಶ್ನಾವಳಿಯಲ್ಲಿ ಬಹು ಮುಖ್ಯವಾದ ಪ್ರಶ್ನೆಯೆಂದರೆ, ನಿದ್ದೆಯಿಂದ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟನ್ನು ಹಚ್ಚುತ್ತೀರಿ ಎಂಬುದು. ಐದು ನಿಮಿಷಗಳೊಳಗೆ ಹಚ್ಚುವವನಿಗೆ ಮೂರು ಅಂಕಗಳು. ಒಂದು ಗಂಟೆಯ ಮೇಲೆ ಹಚ್ಚುವವನಿಗೆ ಸೊನ್ನೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ೪ ಮಿಲಿಗ್ರಾಂ ಗಮ್ಮನ್ನೂ ಉಳಿದವರಿಗೆ ೨ ಮಿಲಿಗ್ರಾಂ ಗಮ್ಮನ್ನೂ ಹೇಳುವುದು ರೂಢಿ. ಮೊದಲ ಆರು ವಾರಗಳಲ್ಲಿ ಒಂದೆರಡು ಗಂಟೆಗಳಿಗೊಮ್ಮೆ ಒಂದರಂತೆ ತೆಗೆದುಕೊಂಡು, ಅನಂತರ ಅಂತರವನ್ನು ಹೆಚ್ಚಿಸುತ್ತ ಸುಮಾರು ಹನ್ನೆರಡು ವಾರಗಳಲ್ಲಿ ನಿಲ್ಲಿಸಬೇಕು.

ಪಟ್ಟಿಯು ೨೧, ೧೪, ೭ ಮಿಲಿಗ್ರಾಂಗಳ ಮೂರು ಬಲಗಳಲ್ಲಿ ದೊರೆಯುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದವರು ಸಾಮಾನ್ಯವಾಗಿ ೨೧ರಿಂದ ಆರಂಭಿಸಿ ಕ್ರಮವಾಗಿ ಇಳಿಸುತ್ತಾರೆ. ಪ್ರತಿದಿನ ಬೆಳಿಗ್ಗೆ ತೋಳಿನ ಮೇಲೋ ಎದೆಯ ಮೇಲೋ ಕೂದಲಿಲ್ಲದ ಒಣ ಚರ್ಮಕ್ಕೆ, ದಿನಕ್ಕೊಂದು ಜಾಗವನ್ನು ಬದಲಿಸುತ್ತ, ಅಂಟಿಸತಕ್ಕದ್ದು. ಪಟ್ಟಿಯ ನಿಕೊಟಿನ್ ಏರುವುದು ನಿಧಾನ, ಆದರೆ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗಮ್ಮಿನದು ಇಪ್ಪತ್ತು–ಮೂವತ್ತು ನಿಮಿಷಗಳಲ್ಲಿ ಏರಿ ಇಳಿಯುತ್ತದೆ. ಆದುದರಿಂದ ನಿರಂತರವಾದ ಕೊರತೆಗೆ ಪಟ್ಟಿಯನ್ನೂ, ಥಟ್ಟನೆ ಬರುವ ಬಯಕೆಗೆ ಗಮ್ಮನ್ನೂ ಒಟ್ಟಿಗೆ ಬಳಸುವುದು ಒಂದನ್ನೇ ಬಳಸುವುದಕ್ಕಿಂತ ಮೇಲೆಂದು ತಿಳಿದುಬಂದಿದೆ. ಗರ್ಭಿಣಿಯರೂ, ಇತ್ತೀಚೆಗೆ ಹೃದಯಾಘಾತವಾದವರೂ, ಹದಿನೆಂಟಕ್ಕೆ ಕಡಮೆ ವಯಸ್ಸಿನವರೂ ವೈದ್ಯರನ್ನು ಕೇಳದೆ ಇವನ್ನು ಬಳಸಬಾರದು. ಇವು ಮಕ್ಕಳ ಕೈಗೆ ಸಿಕ್ಕದಂತಿರಬೇಕು.

ಕಾಫಿಯನ್ನು ಕುರಿತು ಎರಡು ಮಾತುಗಳು ನಮ್ಮ ನಾಡಿನವರಿಗೆ ವಿಶೇಷವಾಗಿ ಅಗತ್ಯ. ಕಾಫಿ, ಹಣ್ಣಿನ ರಸ ಮೊದಲಾದ ಹುಳಿಗುಣವುಳ್ಳ ಪಾನೀಯಗಳು ಬಾಯಿಯಲ್ಲಿರುವಾಗ ಗಮ್ಮಿನ ನಿಕೊಟಿನ್ ಒಳಕ್ಕೆ ಹೀರಲ್ಪಡುವುದಿಲ್ಲ. ಗಮ್ಮಿಗೆ ಹದಿನೈದು ನಿಮಿಷ ಮುಂಚಿತವಾಗಿಯೂ, ಗಮ್ಮು ಬಾಯಲ್ಲಿರುವಾಗಲೂ ಅವನ್ನು ಕುಡಿಯಬಾರದು. ಎರಡನೆಯದಾಗಿ, ಹೊಗೆಯ ಜಿಡ್ಡಿನಲ್ಲಿರುವ ದ್ರವ್ಯಗಳು ಯಕೃತ್ತಿನಲ್ಲಿ ಕೆಫೀನನ್ನು ಕರಗಿಸುವ ಕಿಣ್ವವನ್ನು ಚುರುಕುಗೊಳಿಸುತ್ತವೆ. ಸೇದುವುದನ್ನು ನಿಲ್ಲಿಸಿದೊಡನೆ ಆ ಚುರುಕು ಇಳಿದು, ಮೊದಲಿನಷ್ಟೇ ಕಾಫಿಯಿಂದ ರಕ್ತದಲ್ಲಿ ಇಮ್ಮಡಿಯಷ್ಟು ಕೆಫೀನ್ ನಿಲ್ಲುತ್ತದೆ. ಎದೆಬಡಿತ, ನಡುಕ, ನಿದ್ರೆಗೇಡು ಇವು ಬಂದಾಗ ಸಿಗರೇಟನ್ನು ಬಿಟ್ಟುದರಿಂದಲೇ ಹೀಗಾಯಿತೆಂದು ಹೆದರಿ ಮತ್ತೆ ಸೇದುವವರುಂಟು. ಕಾಫಿಯನ್ನು ಅರ್ಧಕ್ಕೆ ಇಳಿಸಿದರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುತ್ತದೆ.

೫. ಒಮ್ಮೆಗೋ, ಕ್ರಮಕ್ರಮವಾಗಿಯೋ?

ಅಹಿತವಾದ ಅಭ್ಯಾಸವನ್ನು ಬುದ್ಧಿವಂತನು ಕಾಲುಕಾಲು ಭಾಗವಾಗಿ ಕ್ರಮೇಣ ಬಿಡಬೇಕೆಂದು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ವಿಧಿಸುತ್ತದೆ. ಆ ಗ್ರಂಥಕಾರನಿಗೆ ಹೊಗೆಸೊಪ್ಪು ತಿಳಿದಿರಲಿಲ್ಲವಾದರೂ, ಅಭ್ಯಾಸವಾದುದನ್ನು ದೇಹವು ಹಠಾತ್ತಾಗಿ ಕಳೆದುಕೊಂಡರೆ ಕೇಡಾಗುತ್ತದೆಂಬ ಅರಿವು ಇದ್ದಿತು. ಹಾಗಾದರೆ ಸಿಗರೇಟುಗಳನ್ನು ದಿನಕ್ಕಿಷ್ಟರಂತೆ ಕಡಮೆ ಮಾಡುತ್ತ ಹೋಗುವುದು ಮೇಲೋ?

೨೦೧೬ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಸುಮಾರು ಏಳು ನೂರು ಜನರ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಎರಡು ಪಂಗಡಗಳಿಗೂ ನಿಕೊಟಿನ್ ಪರ್ಯಾಯವೂ ಸಲಹೆಯೂ ದೊರೆತಿದ್ದವು. ಒಂದು ಗೊತ್ತಾದ ದಿನದಲ್ಲಿ ಒಮ್ಮೆಗೇ ನಿಲ್ಲಿಸಿದವರಲ್ಲಿ ನಾಲ್ಕು ವಾರಗಳ ಕೊನೆಗೆ ನೂರಕ್ಕೆ ೪೯ ಮಂದಿಯೂ, ಎರಡು ವಾರ ಕಡಮೆ ಮಾಡುತ್ತ ಬಂದು ನಿಲ್ಲಿಸಿದವರಲ್ಲಿ ನೂರಕ್ಕೆ ೩೯ ಮಂದಿಯೂ ಸೇದದೆ ಉಳಿದಿದ್ದರು. ಇದರಿಂದ ಚರಕನ ವಿಧಿಯು ಸುಳ್ಳಾಯಿತೆಂದು ಹೇಳಬೇಕಾಗಿಲ್ಲ. ಹೊಗೆಯನ್ನು ಒಮ್ಮೆಗೇ ಬಿಡಬೇಕು. ನಿಕೊಟಿನನ್ನು ಕ್ರಮಕ್ರಮವಾಗಿ ಬಿಡಬೇಕು. ಎರಡೂ ಒಂದೇ ಬತ್ತಿಯಲ್ಲಿ ಸೇರಿಕೊಂಡಿದ್ದಷ್ಟು ಕಾಲ ಇದು ಅಸಾಧ್ಯವಾಗಿತ್ತು. ಬೇರೆಯಾದ ಮೇಲೆ ಸಾಧ್ಯವಾಯಿತು.

೬. ಫಲವಿಚಾರ

ಈ ಚಿಕಿತ್ಸೆಯ ಫಲವನ್ನು ಉತ್ಪ್ರೇಕ್ಷಿಸಬಾರದು. ಯಾವ ಸಹಾಯವೂ ಇಲ್ಲದೆ ಬಿಡಲು ಯತ್ನಿಸಿದವರಲ್ಲಿ ಆರರಿಂದ ಹನ್ನೆರಡು ತಿಂಗಳು ಸೇದದೆ ಉಳಿಯುವವರು ಒಂದೊಂದು ಯತ್ನದಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ. ಕಾಕ್ರೇನ್ ಸಂಸ್ಥೆಯು ೨೦೧೮ರಲ್ಲಿ ಪ್ರಕಟಿಸಿದ ಸಮೀಕ್ಷೆಯು ನೂರಕ್ಕೂ ಮೇಲ್ಪಟ್ಟ ಪರೀಕ್ಷೆಗಳನ್ನೂ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನೂ ಒಳಗೊಂಡುದು. ಅದರ ಪ್ರಕಾರ ನಿಕೊಟಿನ್ ಪರ್ಯಾಯದಿಂದ ಯಶಸ್ಸಿನ ಸಂಭವವು ನೂರಕ್ಕೆ ೫೦ರಿಂದ ೬೦ರಷ್ಟು ಹೆಚ್ಚುತ್ತದೆ. ಅಂದರೆ, ಅದಿಲ್ಲದೆ ಹತ್ತು ಮಂದಿ ಗೆಲ್ಲುತ್ತಿದ್ದಲ್ಲಿ ಹದಿನೈದೋ ಹದಿನಾರೋ ಮಂದಿ ಗೆಲ್ಲುತ್ತಾರೆ. ಔಷಧದೊಡನೆ ಆಪ್ತಸಲಹೆಯೂ ಸೇರಿದರೆ, ಬರಿಯ ಎರಡು ಮಾತಿನ ಉಪದೇಶಕ್ಕಿಂತ ೭೦ರಿಂದ ೧೦೦ರಷ್ಟು ಹೆಚ್ಚು ಫಲವುಂಟು. ಒಟ್ಟಿನಲ್ಲಿ, ಪರ್ಯಾಯವು ಬಿಡಿಸುವುದಿಲ್ಲ, ಬಿಡುವವನಿಗೆ ನೆರವಾಗುತ್ತದೆ. ಅನೇಕರು ಒಂದೇ ಯತ್ನದಲ್ಲಿ ಗೆಲ್ಲುವುದಿಲ್ಲವೆಂಬುದನ್ನೂ ಈ ಅಂಕೆಗಳು ಹೇಳುತ್ತವೆ. ಸೋತವನು ಗುಂಪಿನಿಂದ ಹೊರಗಾದವನಲ್ಲ, ಗುಂಪಿನ ನಡುವೆಯೇ ಇರುವವನು.

ಗೆದ್ದವನಿಗೆ ದೊರೆಯುವುದೇನೆಂಬುದನ್ನು ರಿಚರ್ಡ್ ಡಾಲ್ ಮತ್ತು ಅವನ ಸಂಗಡಿಗರು ತೋರಿಸಿದ್ದಾರೆ. ೧೯೫೧ರಲ್ಲಿ ಆರಂಭವಾದ ಬ್ರಿಟನ್ನಿನ ವೈದ್ಯರ ಸಮೀಕ್ಷೆಯು ಐವತ್ತು ವರ್ಷಗಳು ನಡೆದು, ೨೦೦೪ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಜೀವಮಾನವಿಡೀ ಸೇದುವವರು ಸರಾಸರಿ ಹತ್ತು ವರ್ಷಗಳ ಆಯುಸ್ಸನ್ನು ಕಳೆದುಕೊಳ್ಳುತ್ತಾರೆ. ಅರುವತ್ತನೆಯ ವಯಸ್ಸಿನಲ್ಲಿ ಬಿಟ್ಟರೆ ಸುಮಾರು ಮೂರು, ಐವತ್ತರಲ್ಲಿ ಆರು, ನಲವತ್ತರಲ್ಲಿ ಒಂಬತ್ತು ವರ್ಷಗಳು ಮರಳಿ ದೊರೆಯುತ್ತವೆ. ಮೂವತ್ತರಲ್ಲಿ ಬಿಟ್ಟವನು ಹೆಚ್ಚುಕಡಮೆ ಏನನ್ನೂ ಕಳೆದುಕೊಳ್ಳುವುದಿಲ್ಲ. ‘ಇನ್ನು ಬಿಟ್ಟೇನು ಫಲ’ ಎನ್ನುವ ಹಿರಿಯರಿಗೆ ಇದೇ ಉತ್ತರ.

೭. ಸ್ವಪ್ರಯತ್ನ

ದೇಹದ ಬಂಧನವನ್ನು ಸಡಿಲಿಸಿದ ಮೇಲೆಯೂ ನಡವಳಿಕೆಯ ಬಂಧನವು ಉಳಿಯುತ್ತದೆ. ದಿನಕ್ಕೆ ಇಪ್ಪತ್ತು ಸಿಗರೇಟುಗಳನ್ನು, ಒಂದೊಂದನ್ನೂ ಹತ್ತು ಸಲದಂತೆ ಸೇದುವವನು ವರ್ಷಕ್ಕೆ ಎಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಸಲ ಕೈಯನ್ನು ಬಾಯಿಗೆ ಒಯ್ದಿರುತ್ತಾನೆ. ಊಟವಾದ ಮೇಲೆ, ಕಾಫಿಯೊಡನೆ, ಬಸ್ಸಿಗಾಗಿ ಕಾಯುವಾಗ, ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚುವಾಗ ಆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಈ ಕೈಗೆ ಗಮ್ಮಾಗಲಿ ಪಟ್ಟಿಯಾಗಲಿ ಮದ್ದಲ್ಲ. ಇಲ್ಲಿ ಬೇಕಾದುದು ಸ್ವಾವಲೋಕನ ಮತ್ತು ಮುನ್ನೇರ್ಪಾಡು.

ಬಲ್ಲವರು ಹೇಳುವ ಕ್ರಮವು ಹೀಗಿದೆ. ಬಿಡುವ ದಿನವನ್ನು ಎರಡು ವಾರಗಳೊಳಗಾಗಿ ಗೊತ್ತುಮಾಡಿ ಮನೆಯವರಿಗೂ ಮಿತ್ರರಿಗೂ ತಿಳಿಸಬೇಕು. ಅದಕ್ಕೆ ಮೊದಲು ಒಂದು ವಾರ ಚಿಕ್ಕ ಪುಸ್ತಕವೊಂದರಲ್ಲಿ ಪ್ರತಿಯೊಂದು ಸಿಗರೇಟಿನ ಹೊತ್ತು, ಸ್ಥಳ, ಜೊತೆಗಾರರು, ಮನಃಸ್ಥಿತಿ ಇವನ್ನು ಬರೆದಿಡಬೇಕು. ಈ ಬರೆಹದಿಂದ ಯಾವ ಸಮಯಗಳು ಅಪಾಯಕರವೆಂಬುದು ತಾನಾಗಿ ಹೊರಪಡುತ್ತದೆ. ಒಂದೊಂದಕ್ಕೂ ಒಂದು ಬದಲುಕೆಲಸವನ್ನು ಮುಂಚಿತವಾಗಿಯೇ ನಿಶ್ಚಯಿಸಿಡಬೇಕು. ಆ ದಿನದ ಹಿಂದಿನ ರಾತ್ರಿ ಬೆಂಕಿಪೆಟ್ಟಿಗೆ, ಬೂದಿಯ ಬಟ್ಟಲುಗಳನ್ನು ಮನೆಯಿಂದ ತೆಗೆದುಹಾಕಬೇಕು. ಬಯಕೆಯು ಎದ್ದಾಗ ಹತ್ತು ನಿಮಿಷ ತಡೆಯುವುದು, ನೀರು ಕುಡಿಯುವುದು, ದೀರ್ಘವಾಗಿ ಉಸಿರಾಡುವುದು, ಎದ್ದು ಬೇರೊಂದು ಕೆಲಸಕ್ಕೆ ತೊಡಗುವುದು—ಇವು ಸಾಮಾನ್ಯವೆಂದು ತೋರಿದರೂ ಉಪಯುಕ್ತವಾದುವು. ಏಕೆಂದರೆ ಬಯಕೆಯ ಅಲೆಯು ಕೆಲವು ನಿಮಿಷಗಳಲ್ಲಿ ಏರಿ ತಾನಾಗಿ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ತಪ್ಪಿ ಬಿದ್ದಾಗಿನ ನಡೆ. ಅಮೆರಿಕಾದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ೧೯೮೦ರ ದಶಕದಲ್ಲಿ ಇದನ್ನು ವಿಶದವಾಗಿ ವಿಚಾರಿಸಿದನು. ವ್ರತಭಂಗವಾಯಿತೆಂದು ಕೊರಗುವವನು, ಒಂದು ಸಿಗರೇಟಿಗಿಂತ ಹೆಚ್ಚಾಗಿ ಆ ಕೊರಗಿನಿಂದಲೇ ಮತ್ತೆ ಪೂರ್ತಿಯಾಗಿ ಸೇದಲು ತೊಡಗುತ್ತಾನೆ. ‘ನನ್ನಿಂದಾಗದು’ ಎಂಬ ತೀರ್ಮಾನವೇ ಆ ಜಾರಿಕೆಯನ್ನು ಪತನವನ್ನಾಗಿ ಮಾಡುತ್ತದೆ. ಒಂದು ಜಾರಿದುದನ್ನು ಒಂದೆಂದೇ ಎಣಿಸಿ, ಪಟ್ಟಿಯನ್ನು ತೆಗೆಯದೆ, ಕಾರಣವನ್ನು ಬರೆದಿಟ್ಟು ಮುಂದುವರಿಯಬೇಕು. ಲೇಖನದ ಮೊದಲಲ್ಲಿ ಹೇಳಿದ ತಪ್ಪು ನಂಬಿಕೆಯ ಅಪಾಯವು ಇಲ್ಲಿ ಸ್ಪಷ್ಟವಾಗುತ್ತದೆ. ಶೀಲದೋಷವೆಂದು ನಂಬಿದವನು ಅವಿತುಕೊಳ್ಳುತ್ತಾನೆ. ದೇಹಧರ್ಮವೆಂದು ಅರಿತವನು ಉಪಾಯವನ್ನು ಹುಡುಕುತ್ತಾನೆ.

ಬರೆಹದ ನೆರವಿಗೆ ಎಷ್ಟು ಬೆಲೆ? ಯಾವ ಸಹಾಯವೂ ಇಲ್ಲದವನಿಗೆ ಅಚ್ಚಾದ ಕೈಪಿಡಿಯೊಂದು ದೊರೆತರೆ ಸ್ವಲ್ಪವಾದರೂ ನಿಜವಾದ ಪ್ರಯೋಜನವುಂಟೆಂದು ಕಾಕ್ರೇನ್ ಸಂಸ್ಥೆಯ ೨೦೧೯ರ ಸಮೀಕ್ಷೆಯು ಹೇಳುತ್ತದೆ. ಮಾತಿನ ನೆರವೂ ಹೀಗೆಯೇ. ೧೯೭೯ರಲ್ಲಿ ರಸೆಲ್ ಮತ್ತು ಅವನ ಸಂಗಡಿಗರು ಪ್ರಕಟಿಸಿದ ಪರೀಕ್ಷೆಯಲ್ಲಿ, ಲಂಡನ್ನಿನ ಸಾಮಾನ್ಯ ವೈದ್ಯರು ಒಂದೆರಡು ನಿಮಿಷಗಳ ಬುದ್ಧಿವಾದವನ್ನು ಹೇಳಿ, ಒಂದು ಕರಪತ್ರವನ್ನು ಕೊಟ್ಟು, ಮುಂದೆ ವಿಚಾರಿಸುವೆವೆಂದು ಎಚ್ಚರಿಸಿದ ಪಂಗಡದಲ್ಲಿ ಒಂದು ವರ್ಷದ ಮೇಲೆಯೂ ನೂರಕ್ಕೆ ಐದು ಮಂದಿ ಬಿಟ್ಟವರಾಗಿ ಉಳಿದಿದ್ದರು. ಏನನ್ನೂ ಹೇಳದ ಪಂಗಡದಲ್ಲಿ ಸಾವಿರಕ್ಕೆ ಮೂರು ಮಂದಿ. ಐದು ಎಂಬುದು ಚಿಕ್ಕ ಸಂಖ್ಯೆಯೇ ಸರಿ. ಆದರೆ ಒಂದು ಕರಪತ್ರವು ಸಾವಿರಾರು ಮನೆಗಳನ್ನು ಹೊಗಬಲ್ಲುದೆಂಬುದನ್ನು ಮರೆಯಬಾರದು.

೮. ಎರಡು ಆಕ್ಷೇಪಗಳು

ಒಂದು ಚಟವನ್ನು ಬಿಡಿಸಲು ಇನ್ನೊಂದನ್ನು ಅಂಟಿಸಿದಂತಾಗಲಿಲ್ಲವೆ ಎಂದು ಕೇಳುವುದುಂಟು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಮಾತು ಎಲ್ಲರಿಗೂ ತಿಳಿದದ್ದೇ. ತೆಗೆದ ಮೇಲೆ ಎರಡನ್ನೂ ಎಸೆಯುವುದೂ ಅಷ್ಟೇ ಸಹಜ. ಪಟ್ಟಿಯಿಂದಲೂ ಗಮ್ಮಿನಿಂದಲೂ ನಿಕೊಟಿನ್ ಮೆದುಳನ್ನು ಸೇರುವುದು ನಿಧಾನವಾದುದರಿಂದ ಹೊಗೆಯಂತೆ ಅವು ಮನಸ್ಸನ್ನು ಕಟ್ಟುವುದಿಲ್ಲ. ಗಮ್ಮನ್ನು ಬಹುಕಾಲ ಬಿಡದವರು ಕೆಲವರಿದ್ದರೂ, ಅವರು ಹೊಗೆಯ ಕೇಡಿನಿಂದಂತೂ ಪಾರಾದವರು. ನಿಕೊಟಿನ್ನೇ ಕ್ಯಾನ್ಸರಿಗೆ ಕಾರಣವೆಂಬ ಭಯದಿಂದ ಅರೆಪ್ರಮಾಣವನ್ನು ತೆಗೆದುಕೊಂಡು, ಎರಡು ವಾರಗಳಿಗೇ ನಿಲ್ಲಿಸಿ ಸೋಲುವವರೂ ಉಂಟು. ಹೊಗೆಯ ಕ್ಯಾನ್ಸರಿಗೆ ಕಾರಣವು ಸುಟ್ಟ ಎಲೆಯ ದ್ರವ್ಯಗಳೆಂದು ಮೇಲೆಯೇ ಹೇಳಿದೆ. ವಿದ್ಯುತ್ ಸಿಗರೇಟುಗಳ ಮಾತೇ ಬೇರೆ. ಅವುಗಳ ತ��ಾರಿಕೆಯನ್ನೂ ಮಾರಾಟವನ್ನೂ ಭಾರತವು ೨೦೧೯ರಲ್ಲಿ ಕಾನೂನಿನಿಂದ ನಿಷೇಧಿಸಿತು.

ದೃಢಸಂಕಲ್ಪವಿದ್ದವನಿಗೆ ಇದೆಲ್ಲ ಏಕೆಂಬುದು ಎರಡನೆಯ ಆಕ್ಷೇಪ. ಯಾವ ನೆರವೂ ಇಲ್ಲದೆ ಬಿಟ್ಟವರು ಲೋಕದಲ್ಲಿ ಬಹಳ ಮಂದಿ ಇದ್ದಾರೆಂಬುದು ನಿಜ, ಅವರನ್ನು ಗೌರವಿಸೋಣ. ಆದರೆ ಈಜಿ ದಾಟಿದವರಿದ್ದಾರೆಂದು ದೋಣಿಯನ್ನು ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಸಂಕಲ್ಪವು ಬೇಕೇ ಬೇಕು. ಅದನ್ನು ಸಿಡುಕಿನೊಡನೆಯೂ ನಿದ್ರಾಭಂಗದೊಡನೆಯೂ ಹೋರಾಡುವುದರಲ್ಲಿ ವ್ಯಯಮಾಡದೆ, ನಡವಳಿಕೆಯನ್ನು ತಿದ್ದಿಕೊಳ್ಳುವುದರಲ್ಲಿ ವಿನಿಯೋಗಿಸುವುದು ವಿವೇಕ.

೯. ಉಪಸಂಹಾರ

೨೦೧೬–೧೭ರಲ್ಲಿ ನಡೆದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ೨೮.೬ ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣವು ೨೨.೮. ದೇಶದಲ್ಲಿ ಸೇದುವವರ ಪೈಕಿ ಸಿಗರೇಟಿಗಿಂತ ಬೀಡಿಯನ್ನು ಸೇದುವವರೇ ಹೆಚ್ಚು. ೨೦೦೨ರಲ್ಲಿ ದೇಶದ ಹದಿಮೂರು ಕಡೆಗಳಲ್ಲಿ ತಂಬಾಕು ತ್ಯಾಗದ ಚಿಕಿತ್ಸಾಲಯಗಳು ಆರಂಭವಾದಾಗ ಬೆಂಗಳೂರಿಗೂ ಅದರಲ್ಲಿ ಪಾಲು ದೊರೆಯಿತು. ೧೮೦೦–೧೧–೨೩೫೬ ಎಂಬ ಸಂಖ್ಯೆಯ ಉಚಿತ ದೂರವಾಣಿ ಸಲಹಾ ಕೇಂದ್ರವು ೨೦೧೬ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ೨೦೧೮ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಕೆಲಸದಲ್ಲಿ ಸೇರಿರುವುದರಿಂದ ಕನ್ನಡದಲ್ಲಿಯೇ ಸಲಹೆಯನ್ನು ಪಡೆಯಬಹುದು. ೨೦೨೨ರಲ್ಲಿ ಭಾರತದ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿಯೂ ನಿಕೊಟಿನ್ ಪರ್ಯಾಯವು ಸೇರಿತು. ಆದರೂ ಬೀಡಿ ಸೇದುವ ಕೂಲಿಕಾರನಿಗೆ ಗಮ್ಮಿನ ಬೆಲೆಯೂ ಭಾರ, ಅದರ ಹೊದಿಕೆಯ ಮೇಲಿನ ಇಂಗ್ಲಿಷೂ ಭಾರ.

ಬೆಲೆಯನ್ನು ಇಳಿಸುವುದು ಸರ್ಕಾರದ ಕೆಲಸ. ಭಾಷೆಯ ಭಾರವನ್ನು ಇಳಿಸುವುದು ನಮ್ಮದು. ಸ್ವಪ್ರಯತ್ನದ ಕೈಪಿಡಿಯು ಒಂದು ಬಗೆಯ ಶಾಸ್ತ್ರಸಾಹಿತ್ಯ. ಬೆದರಿಕೆಯ ಚಿತ್ರಗಳೂ ನೀತಿಬೋಧೆಯೂ ನಮ್ಮಲ್ಲಿ ಯಥೇಚ್ಛವಾಗಿವೆ. ಗಮ್ಮನ್ನು ಹೇಗೆ ಜಗಿಯಬೇಕು, ಕಾಫಿಯನ್ನು ಏಕೆ ಇಳಿಸಬೇಕು, ಮೂರನೆಯ ದಿನ ಏಕೆ ಕಷ್ಟ, ಜಾರಿದವನು ಮಾರನೆಯ ಬೆಳಿಗ್ಗೆ ಏನು ಮಾಡಬೇಕು ಎಂಬುದನ್ನು ಬೀದರಿನವನಿಗೂ ಚಾಮರಾಜನಗರದವನಿಗೂ ಅರ್ಥವಾಗುವ ಕನ್ನಡದಲ್ಲಿ, ಹಂಗಿಸದೆ, ಹೇಳುವ ಬರೆಹಗಳು ಹೆಚ್ಚಬೇಕು. ವೈದ್ಯರು ವಿಷಯವನ್ನು ಕೊಡಬಲ್ಲರು. ಓದುಗನನ್ನು ಕೊನೆಯ ಪುಟದವರೆಗೆ ಕೈಹಿಡಿದು ನಡೆಸುವ ವಾಕ್ಯವನ್ನು ಕೊಡತಕ್ಕವರು ಭಾಷಾಭ್ಯಾಸಿಗಳು. ಉಪಾಧ್ಯಾಯರಲ್ಲಿಯೂ ಸೇದುವವರಿದ್ದಾರೆ, ಅವರು ಬಿಟ್ಟ ಕಥೆಯನ್ನು, ಸೋತ ಸಲಗಳನ್ನೂ ಮರೆಮಾಚದೆ ವಿದ್ಯಾರ್ಥಿಗಳಿಗೆ ಹೇಳಿದರೆ, ಅದು ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಪಾಠವಾದೀತು. ವಿದ್ವಜ್ಜನರು ಈ ಕಡೆಗೂ ಗಮನವೀಯಬೇಕೆಂದು ನಮ್ಮ ಪ್ರಾರ್ಥನೆ.